ಗಟ್ಟಿ ಸಂಖ್ಯೆ

ಎಂಟು ಅಂಕಿ ಕೆತ್ತಿ ಮುಗಿಸಿ ಒಂಬತ್ತನೆಯದಕ್ಕೆ ಉಳಿ ಇಟ್ಟಿದ್ದನಷ್ಟೆ, ಟೈಲರಮ್ಮನ ಮೈದುನ ಅಂಗಡಿಯೊಳಗೆ ನುಗ್ಗಿ ಕೆತ್ತುವವನ ಮಣಿಕಟ್ಟು ಹಿಡಿದುಕೊಂಡ.

"ನಿಲ್ಲಿಸಿ ಸ್ವಲ್ಪ. ಹೆಸರೆಲ್ಲಿ? ಇದೇನಿದು, ಬರೀ ನಂಬರು?"

ಕೆತ್ತುವವನಿಗೆ ಇಂಥ ಜಗಳ ಹೊಸದಲ್ಲ. ಚಿತಾಗಾರದ ಗೇಟಿನ ಪಕ್ಕದಲ್ಲಿ ಅಂಗಡಿ ಇಟ್ಟುಕೊಂಡವನು. ಸತ್ತವರ ಹೆಸರಿನ ಹಿಂದೆ ಯಾವ ಬಿರುದು ಹಾಕಬೇಕು, ಮಕ್ಕಳಲ್ಲಿ ಯಾರ ಹೆಸರು ಮೊದಲು ಬರಬೇಕು ಎಂದು ಅವನ ಮೇಜಿನ ಮುಂದೆಯೇ ಎಷ್ಟೋ ಮನೆಗಳು ಒಡೆದು ಹೋಗಿವೆ. ಅವನು ಉಳಿಯನ್ನು ಕೆಳಗಿಟ್ಟು ಮೂಲೆಯ ಸ್ಟೂಲಿನ ಕಡೆ ಗದ್ದ ಎತ್ತಿದ. ಅಲ್ಲಿ ಸತ್ತವನ ಹೆಂಡತಿ, ಬೀದಿಯವರ ಬಾಯಲ್ಲಿ ಟೈಲರಮ್ಮ, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ನಾನೇ ಹೇಳಿದ್ದು. ನಿಮ್ಮಣ್ಣ ಕೇಳ್ಕೊಂಡಿದ್ದೇ ಅದು," ಎಂದಳು.

"ಜೈಲಲ್ಲಿರೋರಿಗೆ ನಂಬರ್ ಹಾಕ್ತಾರೆ ಅತ್ತಿಗೆ. ನಮ್ಮಣ್ಣ ಅಂಥಾದ್ದೇನು ಮಾಡಿದ್ದ?"

ಹೊರಗೆ ನೆಂಟರಿಷ್ಟರೆಲ್ಲ ಬಂದಿದ್ದಾರೆ, ಅಣ್ಣನ ಕೈಕೆಳಗೆ ಕೆಲಸ ಕಲಿತವರೆಲ್ಲ ಬಂದಿದ್ದಾರೆ, ನಾಳೆ ಯಾರಾದರೂ ಬೂದಿಯ ಗೂಡು ಹುಡುಕಿಕೊಂಡು ಬಂದರೆ ಗೂಡುಗಳ ಆ ಗೋಡೆಯಲ್ಲಿ ಯಾರೆಂದು ಹುಡುಕಬೇಕು ಎಂದು ಮೈದುನ ಒಂದೇ ಉಸಿರಿಗೆ ಹೇಳಿದ. ಅವನು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಟೈಲರಮ್ಮ ಎಲ್ಲವನ್ನೂ ಕೇಳಿಸಿಕೊಂಡಳು, ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ಮಾತಿಗೊಂದು ಸಲ ಉಸಿರು ಹುಡುಕುತ್ತಾ ಗಂಡ ಹೇಳಿದ್ದ ಮಾತು ಅವಳ ಕಿವಿಯಲ್ಲಿ ಇನ್ನೂ ತುಂಬಿತ್ತು. ಹೆಸರು ಬೇಡ ಕಣೇ, ಅದು ನನಗೆ ಬುದ್ಧಿ ಬರೋ ಮುಂಚೆ ಯಾರೋ ಇಟ್ಟಿದ್ದು. ಇದು ನಾವಿಬ್ಬರೇ ಮಾಡಿದ್ದು.

"ಕೊನೇದು ಒಂದು," ಎಂದು ಕೆತ್ತುವವನಿಗೆ ಹೇಳಿದಳು. "ಕೆತ್ತಿ. ಇಲ್ಲಾಂದ್ರೆ ಉಳಿ ನನ್ನ ಕೈಗೆ ಕೊಡಿ."

ಮೈದುನ ಕೈ ಬಿಟ್ಟ. ಹಿತ್ತಾಳೆಯ ತಗಡಿನ ಮೇಲೆ ಕೊನೆಯ ಗೀರು ಬಿತ್ತು: 829348951. ಎಂಬತ್ತೆರಡು ಕೋಟಿ ತೊಂಬತ್ತಮೂರು ಲಕ್ಷದ ನಲವತ್ತೆಂಟು ಸಾವಿರದ ಒಂಬೈನೂರ ಐವತ್ತೊಂದು. ಟೈಲರಮ್ಮ ಬಟ್ಟೆಯ ಹೊಲಿಗೆ ನೋಡುವಂತೆ ಹೆಬ್ಬೆರಳಿನಿಂದ ಒಂದೊಂದೇ ಅಂಕಿ ಸವರಿ ನೋಡಿ, ಸರಿಯಿದೆ ಎಂದಳು.

*

ಆ ಸಂಖ್ಯೆ ಅವಳಿಗೆ ಸಿಕ್ಕಿದ್ದು ಒಂದು ಲಿಫ್ಟಿನ ಒಳಗೆ. ಸಮವಸ್ತ್ರ ಹೊಲಿಯುವ ಕಾರ್ಖಾನೆ ನಾಲ್ಕನೆಯ ಮಹಡಿಯಲ್ಲಿತ್ತು. ಪ್ಯಾಂಟುಗಳ ಗಂಟು ಹೊತ್ತು ಇಳಿಯುತ್ತಿದ್ದಾಗ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಮದುವೆಯಾಗದ ಹುಡುಗಿ, ಒಬ್ಬಳೇ ಬೇರೆ. ಕೂಗಿ ಕೂಗಿ ಗಂಟಲು ಒಣಗಿ, ಇನ್ನು ಉಸಿರೇ ಕಟ್ಟಿತು ಅನ್ನುವಾಗ ಮೇಲಿನಿಂದ ಒಂದು ಗಂಡು ದನಿ ಬಂತು. ಲಿಫ್ಟಿನ ಗೋಡೆಯ ಮೇಲೆ ಹಿತ್ತಾಳೆ ತಗಡಿದೆ, ಅದರಲ್ಲಿರುವ ನಂಬರು ಓದಿ ಎಂದಿತು.

ರಿಪೇರಿಗೆ ಬೇಕಾಗಿರಬೇಕೆಂದು ಅವಳು ಓದಿದಳು.

"ಸರಿ. ಈಗ ಅದನ್ನ ಏಳರಿಂದ ಭಾಗಿಸಿ ಹೇಳಿ. ಬೇಗ ಬೇಕು."

ಅವಳ ಜೇಬಿನಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವಿತ್ತು. ಲಿಫ್ಟಿನ ಗೋಡೆಯ ಮೇಲೆಯೇ ಭಾಗಿಸಿದಳು. ನಾಲ್ಕು ಉಳಿಯುತ್ತೆ ಎಂದಳು. ಹಾಗಾದರೆ ಹನ್ನೊಂದರಿಂದ ಎಂದಿತು ದನಿ. ಎರಡು ಉಳಿಯಿತು. ಹದಿಮೂರಕ್ಕೂ ಎರಡೇ ಉಳಿಯಿತು. ಹದಿನೇಳರ ಮಗ್ಗಿ ಅವಳಿಗೆ ಬಾಯಿಪಾಠವಿರಲಿಲ್ಲ. ಅದನ್ನು ಬರೆದುಕೊಳ್ಳುತ್ತಿರುವಾಗ ಬಾಗಿಲು ತೆರೆದುಕೊಂಡಿತು. ಹೆದರುವುದನ್ನು ಅವಳು ಯಾವಾಗಲೋ ಮರೆತಿದ್ದಳು.

ಭಾಗಾಕಾರಕ್ಕೂ ರಿಪೇರಿಗೂ ಎಳ್ಳಷ್ಟೂ ಸಂಬಂಧವಿಲ್ಲವೆಂದು ಗೊತ್ತಾದಾಗ ಅವಳು ಲಿಫ್ಟು ರಿಪೇರಿಯ ಮೇಸ್ತ್ರಿಯನ್ನು ತರಾಟೆಗೆ ತೆಗೆದುಕೊಂಡಳು. ಕೈಯೆಲ್ಲ ಗ್ರೀಸು ಮೆತ್ತಿಕೊಂಡ ಆ ಉದ್ದ ಮನುಷ್ಯ ನಗುತ್ತಾ, ಹದಿನೇಳರಿಂದ ಏನು ಉಳಿಯಿತು ಎಂದು ಕೇಳಿದ. ಆಮೇಲೆ ಆ ಕಟ್ಟಡದ ಲಿಫ್ಟು ಪದೇಪದೇ ಕೆಟ್ಟಿತು. ಕೆಟ್ಟಿದೆಯೆಂದು ದೂರು ಕೊಟ್ಟವರು ಯಾರೂ ಇರಲಿಲ್ಲ, ರಿಪೇರಿಗೆ ಬಂದವನು ಮಾತ್ರ ಇದ್ದ. ಕಾರ್ಖಾನೆಯ ಹೆಂಗಸರು ಈ ವಿಷಯಕ್ಕೆ ಅವಳ ತಲೆ ತಿಂದರು.

*

ಕುಲುಮೆಯ ಕಬ್ಬಿಣದ ಬಾಗಿಲು ಮುಚ್ಚಿಕೊಂಡಿತು. ಬೂದಿ ಕೈಗೆ ಬರುವವರೆಗೆ ಕಾಯುವ ಕೋಣೆಯಲ್ಲಿ ಕೂತಿರಿ ಎಂದು ಚಿತಾಗಾರದವನು ಎಲ್ಲರನ್ನೂ ಕಳಿಸಿದ. ಉದ್ದ ಬೆಂಚುಗಳು, ಗೋಡೆಗೆ ಒಂದು ಗಡಿಯಾರ, ತಲೆಗೂದಲಿನ ಎಣ್ಣೆ ತಾಗಿ ಕಪ್ಪಾದ ಸುಣ್ಣ. ಮೊದಲು ಸತ್ತವನ ಗುಣಗಾನ ನಡೆಯಿತು. ನಡುರಾತ್ರಿಯಲ್ಲಿ ಕರೆದರೂ ಮುಖ ಗಂಟಿಕ್ಕದೆ ಬರುತ್ತಿದ್ದ, ಹೆದರಿದವರನ್ನು ಮಾತಿನಲ್ಲಿಯೇ ಅರ್ಧ ಹೊರಗೆ ತರುತ್ತಿದ್ದ ಎಂದು ಶಿಷ್ಯನೊಬ್ಬ ಹೇಳಿ ಕಣ್ಣೊರೆಸಿಕೊಂಡ. ಆಮೇಲೆ ಮಾತು ತಗಡಿನ ಮೇಲೆ ಬಂತು. ಟೈಲರಮ್ಮನಿಗೆ ಕೇಳಿಸಬಾರದೆಂದು ದನಿ ತಗ್ಗಿಸಿದರು, ಕೇಳಿಸುವಷ್ಟೇ ತಗ್ಗಿಸಿದರು. ಮಕ್ಕಳಿಲ್ಲದ ಮನೆ, ತಲೆಗೆ ಏನೋ ಒಂದು ಹಿಡಿಯುತ್ತೆ ಪಾಪ, ಎಂದರು ಒಬ್ಬರು.

ಮೈದುನನ ಮಗಳಿಗೆ ಇದನ್ನು ಸಹಿಸಲಾಗಲಿಲ್ಲ. ಔಷಧದಂಗಡಿಯಲ್ಲಿ ಕೆಲಸ ಮಾಡುವ ಅವಳು ಚಿಕ್ಕಂದಿನಿಂದ ದೊಡ್ಡಪ್ಪನ ಪಕ್ಷ. ಅವಳು ಎದ್ದು ನಿಂತು, ಗಟ್ಟಿ ಸಂಖ್ಯೆ ಅಂದರೇನು ಗೊತ್ತಾ ನಿಮಗೆ ಎಂದು ಬೆಂಚನ್ನೆಲ್ಲ ಕೇಳಿದಳು. ಗಟ್ಟಿ ಎನ್ನುವುದು ಆ ಮನೆಯ ಮಾತು. ಶಾಲೆಯಲ್ಲಿ ಅವಿಭಾಜ್ಯ ಎನ್ನುತ್ತಾರೆ. ಒಂದರಿಂದ ಮತ್ತು ತನ್ನಿಂದ ಬಿಟ್ಟರೆ ಇನ್ನಾವುದರಿಂದಲೂ ಸರಿಯಾಗಿ ಭಾಗವಾಗದ ಸಂಖ್ಯೆ. ಒಂಬತ್ತು ಅಂಕಿಯದ್ದು ಹಾಗಿದೆಯೆಂದು ಬರೀ ಪೆನ್ಸಿಲಿನಲ್ಲಿ ತೋರಿಸಬೇಕಾದರೆ ವರ್ಷಗಟ್ಟಲೆ ಕೂರಬೇಕು, ದೊಡ್ಡಪ್ಪ ದೊಡ್ಡಮ್ಮ ಕೂತಿದ್ದರು. "ನಿಮಗೆ ನಂಬಿಕೆ ಇಲ್ಲಾಂದ್ರೆ ಇಲ್ಲೇ ತೋರಿಸ್ತೀನಿ," ಎಂದು ಮೊಬೈಲು ತೆಗೆದು ಸಂಖ್ಯೆ ಒತ್ತಿದಳು.

ಉತ್ತರ ಬರಲು ಒಂದು ಕ್ಷಣವೂ ಹಿಡಿಯಲಿಲ್ಲ. ಮೊಬೈಲು ನೋಡುತ್ತಿದ್ದ ಅವಳ ಮುಖ ಇಳಿದುಹೋಯಿತು. ಇಲ್ಲಿ ಸಿಗ್ನಲ್ ಸರಿಯಿಲ್ಲ ಎಂದು ಮೊಬೈಲನ್ನು ಚೀಲಕ್ಕೆ ಸೇರಿಸಿ ಕೂತಳು. ಕೇಳಿದವರು ನಂಬಿದರು. ಟೈಲರಮ್ಮ ಮಾತ್ರ ನಂಬಲಿಲ್ಲ. ಅವಳು ಆ ಹುಡುಗಿಯನ್ನು ಎತ್ತಿ ಆಡಿಸಿದವಳು, ಸುಳ್ಳು ಹೇಳುವಾಗ ಮೂಗಿನ ತುದಿ ಮುಟ್ಟಿಕೊಳ್ಳುತ್ತಾಳೆಂದು ಬಲ್ಲವಳು.

"ಏನು ಬಂತು?"

"ಏನಿಲ್ಲ ದೊಡ್ಡಮ್ಮ."

"ನನ್ನ ಕನ್ನಡಕ ಮನೇಲಿದೆ. ನೀನೇ ಓದು."

ಹುಡುಗಿ ಪಕ್ಕಕ್ಕೆ ಬಂದು ಕಿವಿಯ ಹತ್ತಿರ ಬಗ್ಗಿದಳು. "ಅದು ಗಟ್ಟಿ ಅಲ್ವಂತೆ ದೊಡ್ಡಮ್ಮ. ಎರಡಾಗಿ ಒಡೆಯುತ್ತಂತೆ. ಏಳು ಸಾವಿರದ ಒಂಬೈನೂರ ಹತ್ತೊಂಬತ್ತು, ಒಂದು ಲಕ್ಷದ ನಾಲ್ಕು ಸಾವಿರದ ಏಳ್ನೂರ ಇಪ್ಪತ್ತೊಂಬತ್ತು. ಈ ಎರಡನ್ನ ಗುಣಿಸಿದ್ರೆ ಅದೇ ಬರುತ್ತಂತೆ."

ಮೊಬೈಲಿನ ಮಾತನ್ನು ಕಣ್ಣುಮುಚ್ಚಿ ಒಪ್ಪುವ ಹೆಂಗಸಲ್ಲ ಟೈಲರಮ್ಮ. ಚಿತಾಗಾರದ ಟೋಕನ್ ಚೀಟಿಯ ಹಿಂಬದಿ ಖಾಲಿಯಿತ್ತು. ಹುಡುಗಿಯ ಪೆನ್ನು ಇಸಕೊಂಡು, ಕೈಚೀಲವನ್ನೇ ಮೇಜು ಮಾಡಿಕೊಂಡು ಆ ಎರಡರಲ್ಲಿ ಚಿಕ್ಕದರಿಂದ ಭಾಗಿಸಲು ಕೂತಳು. ಅಂಕಿ ದೊಡ್ಡದು ದೊಡ್ಡದಾಗಿ ಬರೆದಳು, ಕನ್ನಡಕವಿಲ್ಲದೆ ಕಾಣಬೇಕಲ್ಲ. ಒಂದು ಸಲ ಹೋಯಿತು. ಸೊನ್ನೆ. ನಾಲ್ಕು ಸಲ. ಏಳು ಸಲ. ಎರಡು ಸಲ. ಪ್ರತಿ ಸಲವೂ ಏನಾದರೂ ಉಳಿಯುತ್ತಿತ್ತು. ಉಳಿಯಲಿ, ಕೊನೆಗೂ ಒಂದೇ ಒಂದಾದರೂ ಉಳಿಯಲಿ ಎಂದುಕೊಂಡಳು. ಕೊನೆಯ ಅಂಕಿ ಇಳಿಸಿದಾಗ ಎಪ್ಪತ್ತೊಂದು ಸಾವಿರದ ಇನ್ನೂರ ಎಪ್ಪತ್ತೊಂದು ಆಯಿತು. ಅದರಲ್ಲಿ ಒಂಬತ್ತು ಸಲ ಸರಿಯಾಗಿ ಕೂತುಬಿಟ್ಟಿತು. ಕೆಳಗೆ ಬರೆಯಲು ಏನೂ ಉಳಿಯಲಿಲ್ಲ.

*

ಮದುವೆಯಾದ ಮೇಲೆ ರಾತ್ರಿ ಊಟದ ತಟ್ಟೆ ತೊಳೆದಿಟ್ಟು ಇಬ್ಬರೂ ಒಂದೊಂದು ಭಾಗಾಕಾರ ಮಾಡುತ್ತಿದ್ದರು. ಮೇಸ್ತ್ರಿ ಹಳೆ ಪುಸ್ತಕದಂಗಡಿಯಿಂದ ಚಿಕ್ಕ ಗಟ್ಟಿ ಸಂಖ್ಯೆಗಳ ಕೋಷ್ಟಕ ತಂದಿದ್ದ. ಅದರಲ್ಲಿನ ಒಂದೊಂದರಿಂದಲೂ ಲಿಫ್ಟಿನ ಸಂಖ್ಯೆಯನ್ನು ಭಾಗಿಸಿ ನೋಡುವುದು, ಹೋಗದಿದ್ದರೆ ಮುಂದಿನದಕ್ಕೆ ದಾಟುವುದು. ಬರೆಯಲು ಬಟ್ಟೆ ಕತ್ತರಿಸುವ ನಮೂನೆಯ ಕಾಗದದ ಚೂರುಗಳು; ಬೆಳಗಾದರೆ ಅವು ಒಲೆಗೆ. ಎಲ್ಲಿಯವರೆಗೆ ಬಂದೆವು ಎನ್ನುವುದೊಂದನ್ನೇ ಬೀರುವಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತಿದ್ದರು. ಮರುದಿನ ಅದನ್ನು ಅಳಿಸಿ ಹೊಸದು.

ಇದಕ್ಕೆ ಕೊನೆ ಯಾವಾಗ ಎಂದು ಅವಳು ಒಮ್ಮೆ ಬೇಸತ್ತು ಕೇಳಿದ್ದಳು. ಇಪ್ಪತ್ತೆಂಟು ಸಾವಿರದ ಏಳುನೂರ ತೊಂಬತ್ತೆಂಟಕ್ಕೆ ಎಂದಿದ್ದ ಅವನು. ತನ್ನನ್ನು ತಾನೇ ಗುಣಿಸಿಕೊಂಡರೆ ಹೆಚ್ಚೂಕಡಿಮೆ ಲಿಫ್ಟಿನ ಸಂಖ್ಯೆಯೇ ಬರುವ ಗೆರೆ ಅದು. ಒಂದು ಸಂಖ್ಯೆ ಒಡೆದರೆ ಜೋಡಿಯಾಗಿ ಒಡೆಯುತ್ತದೆ. ಜೋಡಿಯಲ್ಲಿ ಒಬ್ಬರು ಆ ಗೆರೆಯಿಂದಾಚೆ ಇದ್ದರೆ ಇನ್ನೊಬ್ಬರು ಈಚೆಗೇ ಇರಬೇಕು. ಈಚೆಯವರನ್ನೆಲ್ಲ ಮಾತಾಡಿಸಿಬಿಟ್ಟರೆ ಆಚೆಯವರನ್ನು ಹುಡುಕಿಕೊಂಡು ಹೋಗುವ ಕೆಲಸವೇ ಇಲ್ಲ. ಅವಳಿಗೆ ಆ ಮಾತು ಹಿಡಿಸಿತು. ಹೆಂಡತಿ ಸಿಕ್ಕಿದರೆ ಗಂಡ ಎಲ್ಲಿದ್ದಾನೆ ಎಂದು ಗೊತ್ತಾಗುತ್ತದೆ ಅನ್ನಿ ಎಂದು ನಕ್ಕಿದ್ದಳು.

ಎಂಟು ಸಾವಿರ ಹತ್ತಿರವಾಗುತ್ತಿದ್ದಾಗ ಅವಳು ಬಸುರಿಯಾಗಿದ್ದಳು. ಏಳನೆಯ ತಿಂಗಳಲ್ಲಿ ಒಂದು ಬೆಳಗ್ಗೆ ಹೊಟ್ಟೆಯಲ್ಲಿ ಆಟ ನಿಂತಿತು. ಹುಟ್ಟಿದ ಹೆಣ್ಣುಮಗು ಅಳಲಿಲ್ಲ. ಅವಳಿಗೆ ನಂಜಾಗಿ ಜ್ವರ ಏರಿ ವಾರಗಟ್ಟಲೆ ಆಸ್ಪತ್ರೆಯಲ್ಲೇ ಉಳಿಯಬೇಕಾಯಿತು. ಮಗುವನ್ನು ಅವಳಿಗೆ ತೋರಿಸಲಿಲ್ಲ. ಮುಂದಿನದೆಲ್ಲ ಗಂಡ ನೋಡಿಕೊಂಡ. ಏನು ನೋಡಿಕೊಂಡ, ಎಲ್ಲಿಗೆ ಒಯ್ದ ಎಂದು ಅವಳು ಕೇಳಲಿಲ್ಲ. ಕೇಳಿದರೆ ಅವನು ಹೇಳಬೇಕಾಗುತ್ತದಲ್ಲ ಎಂದು ಹೆದರಿದಳು.

ಮನೆಗೆ ಬಂದಾಗ ಅವಳು ಹೊಲಿದಿಟ್ಟಿದ್ದ ಪುಟ್ಟ ಅಂಗಿಗಳು ಇರಲಿಲ್ಲ. ಬೀರುವಿನ ಬಾಗಿಲು ತೊಳೆದಷ್ಟು ಶುಭ್ರವಾಗಿತ್ತು. ಒಂದು ಮಳೆಗಾಲ ಕಳೆಯುವವರೆಗೆ ಆ ಮನೆಯಲ್ಲಿ ಯಾರೂ ಪೆನ್ಸಿಲು ಹಿಡಿಯಲಿಲ್ಲ. ಆಮೇಲೊಂದು ರಾತ್ರಿ ಮೇಸ್ತ್ರಿ ತಟ್ಟೆಗಳನ್ನು ತಾನೇ ತೊಳೆದು, ಕೈ ಒರೆಸಿಕೊಳ್ಳುತ್ತಾ, ಅವಳ ಮುಖ ನೋಡದೆ ಹೇಳಿದ:

"ಶುರು ಮಾಡೋಣ್ವಾ? ಎಂಟು ಸಾವಿರದ ಒಂಬತ್ತರಿಂದ."

ತಾವು ಅಲ್ಲಿಯವರೆಗೆ ಬಂದಿರಲಿಲ್ಲವಲ್ಲ ಎಂದು ಅವಳ ಮನಸ್ಸಿಗೆ ಹೊಳೆಯಿತು. ಹೊಳೆದದ್ದಕ್ಕೆ ತಾನೇ ಸಮಾಧಾನ ಹೇಳಿಕೊಂಡಳು. ತಾನು ಆಸ್ಪತ್ರೆಯಲ್ಲಿದ್ದ ರಾತ್ರಿಗಳಲ್ಲಿ ಪಾಪ ಒಬ್ಬನೇ ಕೂತು ನಡುವಿನವನ್ನು ಮುಗಿಸಿರಬೇಕು. ಹೌದೋ ಅಲ್ಲವೋ ಎಂದು ಕೇಳಬಹುದಿತ್ತು. ಕೇಳಿದರೆ ಮಾತು ಆ ರಾತ್ರಿಗಳ ಮೇಲೆ ಹೋಗುತ್ತಿತ್ತು. ಅವಳು ಕಾಗದದ ಚೂರು ಎಳೆದುಕೊಂಡು ಎಂಟು ಸಾವಿರದ ಒಂಬತ್ತರ ಮಗ್ಗಿ ಬರೆಯತೊಡಗಿದಳು.

ಗೆರೆ ಮುಟ್ಟಿದ ಸಂಜೆ ಮೇಸ್ತ್ರಿ ಕುಣಿದಾಡಿದ್ದ. ಅವಳನ್ನು ಆ ಹಳೆಯ ಕಟ್ಟಡಕ್ಕೆ ಕರೆದೊಯ್ದು, ಅದೇ ಲಿಫ್ಟಿನಲ್ಲಿ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಸುತ್ತಿಸಿದ್ದ. ಬೇರೆ ಮಗು ಆಗಲಿಲ್ಲ. ಮನೆಗೆ ಯಾರು ಬಂದರೂ, ಏನಪ್ಪಾ ಮೇಸ್ತ್ರಿ ಸಂಸಾರ ಹೇಗಿದೆ ಎಂದು ಯಾರು ಕೇಳಿದರೂ, ನಮ್ಮನೇಲಿ ಒಡೆಯದೇ ಇರೋದು ಒಂದಿದೆ ಎಂದು ಒಂಬತ್ತು ಅಂಕಿ ಒಪ್ಪಿಸುತ್ತಿದ್ದ.

*

ಟೈಲರಮ್ಮ ಚೀಟಿ ಮಡಚಿಕೊಂಡು ಎದ್ದಳು. ಅವಳಿಗೆ ಮೊದಲು ಬಂದದ್ದು ಸಿಟ್ಟು. ಗಂಡನ ಮೇಲೆ ಸಿಟ್ಟು, ತನ್ನ ಮೇಲೆ ಸಿಟ್ಟು, ಒಂದು ಕ್ಷಣದಲ್ಲಿ ಮುಗಿಸಿ ಕೈ ತೊಳೆದುಕೊಂಡ ಆ ಮೊಬೈಲಿನ ಮೇಲೂ ಸಿಟ್ಟು. ಏಳು ಸಾವಿರದ ಒಂಬೈನೂರ ಹತ್ತೊಂಬತ್ತು. ಎಂಟು ಸಾವಿರಕ್ಕೆ ಒಂದು ಮೆಟ್ಟಿಲು ಕೆಳಗೆ. ಅವಳಿಗೆ ಆ ಜಾಗ ಚೆನ್ನಾಗಿ ಗೊತ್ತಿತ್ತು.

ಮೈದುನ ಹಿತ್ತಲಿನ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದ.

"ನಾನು ಆಸ್ಪತ್ರೇಲಿದ್ದಾಗ ನಮ್ಮ ಬೀರು ಬಾಗಿಲು ಒರೆಸಿದ್ದು ಯಾರು?"

ಇಷ್ಟು ವರ್ಷಗಳ ಮೇಲೆ ಯಾವ ಆಸ್ಪತ್ರೆ ಎಂದು ಅವನು ಕೇಳಲಿಲ್ಲ. ನಲ್ಲಿ ನಿಲ್ಲಿಸಿ, ಒದ್ದೆ ಕೈಯಲ್ಲೇ ನಿಂತ.

"ನಾನೇ ಅತ್ತಿಗೆ. ಅವಳು ಬರೋ ಹೊತ್ತಿಗೆ ಒಂದು ಚೂರೂ ಉಳಿದಿರಬಾರದು ಅಂತ ಅಣ್ಣ ಹೇಳಿದ್ದ. ಬಟ್ಟೆ ಎಲ್ಲಾ ಗಂಟು ಕಟ್ಟಿದೆ. ಬಾಗಿಲ ಮೇಲೆ ಏನೋ ಅಂಕಿ ಇತ್ತು. ಮಗೂದೇ ಏನೋ ಲೆಕ್ಕ, ದಿನಗಿನ ಎಣಿಸ್ತಿದ್ರೇನೋ ಅಂದ್ಕೊಂಡೆ. ಅದನ್ನೂ ಒರೆಸಿಬಿಟ್ಟೆ."

"ಆಗ ರಾತ್ರಿ ಹೊತ್ತು ಲೆಕ್ಕ ಮಾಡ್ತಾ ಕೂತಿರ್ತಿದ್ರಾ ಅವರು?"

"ಎಲ್ಲಿಯ ಲೆಕ್ಕ. ದೀಪಾನೂ ಹಾಕ್ತಿರಲಿಲ್ಲ. ಗೋಡೆ ನೋಡ್ಕೊಂಡು ಕೂತಿರ್ತಿದ್ದ."

ಅಂದರೆ ಅವನೂ ಹಾಗೆಯೇ ಅಂದುಕೊಂಡಿದ್ದ. ಆಸ್ಪತ್ರೆಯಿಂದ ಬಂದು ಹಗಲೆಲ್ಲ ಒಬ್ಬಳೇ ಇರುತ್ತಿದ್ದ ಹೆಂಡತಿ ಎಂಟು ಸಾವಿರದವರೆಗೆ ಉಳಿದಿದ್ದವನ್ನು ಮುಗಿಸಿರುತ್ತಾಳೆ ಎಂದುಕೊಂಡು, ಅವಳನ್ನು ಕೇಳುವ ಧೈರ್ಯವಿಲ್ಲದೆ, ಎಂಟು ಸಾವಿರದಿಂದಾಚೆಗೆ ಕಾಲಿಟ್ಟಿದ್ದ. ಇಬ್ಬರೂ ಒಬ್ಬರಿಗೊಬ್ಬರು ನೋವಾಗಬಾರದೆಂದು ಸುತ್ತುಹಾಕಿ ಹೋದ ಜಾಗದಲ್ಲೇ ಏಳು ಸಾವಿರದ ಒಂಬೈನೂರ ಹತ್ತೊಂಬತ್ತು ಕೂತಿತ್ತು. ಟೈಲರಮ್ಮನ ಸಿಟ್ಟು ಇಳಿಯಿತು. ಅವನು ಸಾಯುವ ಮುಂಚೆ ಒಂದು ದಿನ, ಒಂದೇ ಒಂದು ದಿನ, ತಾನು ಬಾಯಿ ಬಿಟ್ಟಿದ್ದರೆ ಆಗುತ್ತಿತ್ತು.

"ಎಲ್ಲಿಗೆ ಒಯ್ದ್ರಿ?" ಎಂದಳು. ಆ ಪ್ರಶ್ನೆ ಎಷ್ಟು ಚಿಕ್ಕದೆಂದು ಕೇಳಿದ ಮೇಲೆ ಗೊತ್ತಾಯಿತು.

ಮೈದುನ ಅವಳ ಮುಖ ನೋಡಿದ. "ಅಣ್ಣ ಹೇಳಿಲ್ವಾ ನಿಮಗೆ? ಯಾವತ್ತೂ?"

"ನಾನು ಕೇಳಲಿಲ್ಲ."

"ಇಲ್ಲಿಗೇ ಅತ್ತಿಗೆ. ಆಗ ಇಲ್ಲಿ ಕುಲುಮೆ ಇರಲಿಲ್ಲ, ಬರೀ ಮಣ್ಣು. ಚಿಕ್ಕವರನ್ನ ಅಲ್ಲಿ, ಆ ಗೋಡೆ ಪಕ್ಕ ಇಡ್ತಿದ್ರು. ಅಣ್ಣನೇ ಎತ್ಕೊಂಡಿದ್ದ. ನನ್ನ ಕೈಗೆ ಕೊಡಲಿಲ್ಲ."

ಕಾಂಪೌಂಡಿನ ಗೋಡೆಯ ಆ ಮೂಲೆಯಲ್ಲಿ ಈಗ ಗುಡಿಸುವವರ ಪೊರಕೆ, ಬಕೆಟ್ಟು, ಒಡೆದ ಒಂದು ಕುರ್ಚಿ ಇಟ್ಟಿದ್ದರು. ಟೈಲರಮ್ಮ ಬಹಳ ಹೊತ್ತು ಆ ಕಡೆ ನೋಡುತ್ತಾ ನಿಂತಳು. ಅತ್ತರೆ ಸಮಾಧಾನ ಮಾಡೋಣವೆಂದು ಮೈದುನ ಕಾದ. ಅವಳು ಅಳುತ್ತಲೇ ಇದ್ದಳು, ಸದ್ದಿರಲಿಲ್ಲ ಅಷ್ಟೆ.

ಅಷ್ಟರಲ್ಲಿ ಹುಡುಗಿಯೂ ಹುಡುಕಿಕೊಂಡು ಬಂದಳು. ಬೂದಿ ಬಂದಿದೆ, ಗೂಡು ತೆರೆದಿದ್ದಾರೆ ಎಂದಳು. ಆಮೇಲೆ ತಂದೆಗೆ ಕೇಳಿಸದಂತೆ, ತಗಡನ್ನು ಬೇಕಾದರೆ ತಿರುವಿ ಹಿಂದುಗಡೆ ಹೆಸರು ಕೆತ್ತಿಸೋಣ ದೊಡ್ಡಮ್ಮ, ತಪ್ಪೆಂದು ಯಾರಿಗೂ ಗೊತ್ತಾಗುವುದಿಲ್ಲ ಎಂದಳು.

"ಬೇಡ. ಅವರು ಕೇಳಿದ್ದು ಅದನ್ನೇ. ಅದನ್ನೇ ಹಾಕಲಿ," ಎಂದಳು ಟೈಲರಮ್ಮ.

ಗೂಡಿನೊಳಗೆ ಬೂದಿಯ ಡಬ್ಬಿಯನ್ನು ಅವಳೇ ಇಟ್ಟಳು. ಕೆತ್ತುವವನು ತಗಡಿನ ನಾಲ್ಕು ಮೂಲೆಗೂ ಸ್ಕ್ರೂ ಬಿಗಿದ. ಹೆಸರುಗಳೇ ತುಂಬಿದ್ದ ಆ ಗೋಡೆಯಲ್ಲಿ ಒಂಬತ್ತು ಅಂಕಿ ಎದ್ದು ಕಂಡವು. ನೆಂಟರು ಒಬ್ಬೊಬ್ಬರಾಗಿ ಕೈಮುಗಿದು ಗೇಟಿನ ಕಡೆ ಹೊರಟರು. ಕೆತ್ತುವವನೂ ಸ್ಕ್ರೂಡ್ರೈವರು ಜೇಬಿಗಿಳಿಸಿ ಹೊರಡುವವನಿದ್ದ, ಟೈಲರಮ್ಮ ಅವನನ್ನು ತಡೆದಳು. ಇನ್ನೊಂದು ತಗಡು ಬೇಕು, ಈಗಲೇ, ತಾನು ಕಾಯುತ್ತೇನೆ ಎಂದಳು.

"ಯಾರ ಹೆಸರಮ್ಮ?"

"ಹೆಸರು ಇಟ್ಟಿರಲಿಲ್ಲ. ನಾಲ್ಕೇ ಅಂಕಿ. ಏಳು, ಒಂಬತ್ತು, ಒಂದು, ಒಂಬತ್ತು."

ಮೈದುನನ ತೋಳು ಹಿಡಿದುಕೊಂಡು ಮಗಳು ಅಳುತ್ತಿದ್ದಳು. ಅವನು ಹೋಗಿ ಮೂಲೆಯ ಬಕೆಟ್ಟು, ಪೊರಕೆ, ಕುರ್ಚಿಗಳನ್ನೆಲ್ಲ ಸರಿಸಿ ಗೋಡೆ ಬರಿದು ಮಾಡಿದ. ಕೆತ್ತುವವನು ಪುಟ್ಟ ತಗಡು ತಂದಾಗ ಅರದಿಂದ ಉಜ್ಜಿದ ಅದರ ಅಂಚು ಇನ್ನೂ ಬಿಸಿಯಿತ್ತು. ಅವನು ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡು, ಎಷ್ಟು ಎತ್ತರಕ್ಕೆ ಹೊಡೆಯಲಿ ಎಂದು ಸನ್ನೆಯಲ್ಲಿ ಕೇಳಿದ.

ಟೈಲರಮ್ಮ ಬಗ್ಗಿ, ಮೊಣಕಾಲಿನ ಮಟ್ಟಕ್ಕೆ ಗೋಡೆಯ ಮೇಲೆ ಅಂಗೈ ಇಟ್ಟು ತೋರಿಸಿದಳು. ಅವನು ಕುಕ್ಕರುಗಾಲಲ್ಲಿ ಕೂತು ಮೊಳೆ ಇಟ್ಟ. ಸುತ್ತಿಗೆ ಎತ್ತುವಾಗ ಅವಳು, ಅಲ್ಲ, ಇನ್ನೂ ಸ್ವಲ್ಪ ಮೇಲೆ ಎಂದಳು. ಅಂಗೈ ಸೊಂಟದ ಮಟ್ಟಕ್ಕೆ ಬಂತು. ಅವನು ಎದ್ದು ಅಲ್ಲಿ ಮೊಳೆ ಇಟ್ಟ. ಅಲ್ಲ, ಎಂದಳು. ಎದೆಯ ಮಟ್ಟ. ಅಲ್ಲೂ ಅವಳ ಕೈ ನಿಲ್ಲಲಿಲ್ಲ. ಅವಳಪ್ಪ ಉದ್ದ ಇದ್ದರಲ್ಲ ಎಂದಳು, ಯಾರಿಗೋ ತಿಳಿಸಿ ಹೇಳುವವಳಂತೆ. ಕೆತ್ತುವವನು ಮೊಳೆ ಹಿಡಿದುಕೊಂಡೇ ನಿಂತಿದ್ದ. ಅವಳು ತುದಿಗಾಲಲ್ಲಿ ನಿಂತಿದ್ದಳು, ಅಂಗೈ ಅವಳ ತಲೆಯನ್ನೂ ದಾಟಿ ಗೋಡೆಯ ಮೇಲೆ ಇನ್ನೂ ಮೇಲಕ್ಕೆ ಹೋಗುತ್ತಿತ್ತು.